ಡಬ್ಬಿಗೆ ಕೈ ಮುಟ್ಟಿಸಬಾರದು

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ ನನ್ನ ಪುಟ್ಟ ರೈಲು ಯಾರ್ಡು ಕಟ್ಟಿಕೊಂಡು ನಿಲ್ಲುತ್ತದೆ. ಇದು ಗೋಡೆ ಗಡಿಯಾರದ ಹತ್ತು ನಲವತ್ತಲ್ಲ. ಚಿತ್ರದುರ್ಗದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಎರಡು ಹಳೆಯ ಬಾಗಿಲುಗಳನ್ನು ಉದ್ದಕ್ಕೆ ಜೋಡಿಸಿ ಮಾಡಿದ ಮೇಜಿನ ಮೇಲೆ ನಡೆಯುವ ಕಾಲ. ಅಲ್ಲಿ ಐದು ನಿಮಿಷಕ್ಕೆ ಒಂದು ಗಂಟೆ ಕಳೆಯುತ್ತದೆ. ಬೆಳಗಿನ ಆರು ಗಂಟೆಯಿಂದ ಶುರು ಮಾಡಿದರೆ ಇಪ್ಪತ್ತಮೂರು ನಿಮಿಷ ಎಲ್ಲವೂ ಸರಿಯಾಗಿ ಸಾಗುತ್ತದೆ. ಆಮೇಲೆ ಮೂರು ರೈಲು ಮೂರು ಲೈನಿನಲ್ಲಿ ನಿಂತುಬಿಡುತ್ತವೆ. ಯಾವುದನ್ನೂ ಅಲ್ಲಾಡಿಸಲು ಆಗುವುದಿಲ್ಲ.

ಮೇಜಿನ ಮೇಲಿರುವುದು ಮೀಟರ್‌ಗೇಜಿನ ಕಾಲದ ಚಿಕ್ಕಜಾಜೂರು ಜಂಕ್ಷನ್ನು, ನನ್ನ ನೆನಪಿನಲ್ಲಿರುವಂತೆ. ಈ ಕೊನೆಯ ಎರಡು ಪದಗಳೇ ಎಲ್ಲ ತಕರಾರಿಗೆ ಮೂಲ.

ಶುರುವಾದದ್ದು ಹೊಸದುರ್ಗದಲ್ಲಿ, ಅಕ್ಕನ ಮನೆಯ ಒಂದು ನಾಮಕರಣದ ಊಟದಲ್ಲಿ. ನಮ್ಮ ತಂದೆ ಪ್ರೈಮರಿ ಶಾಲೆ ಮೇಷ್ಟ್ರಾಗಿ ಚಿಕ್ಕಜಾಜೂರಿನಲ್ಲಿ ಎರಡು ವರ್ಷ ಇದ್ದರು. ಆಗ ನನಗೆ ನಾಲ್ಕೈದು ವರ್ಷ, ಅಕ್ಕನಿಗೆ ಹತ್ತು. ಗೂಡ್ಸ್ ಶೆಡ್ಡಿನ ಹಿಂದೆ ನಮ್ಮ ಬಾಡಿಗೆ ಮನೆ ಇತ್ತು, ಕಿಟಕಿಯಿಂದ ಸರಕಿನ ಡಬ್ಬಿಗಳನ್ನು ಬಿಡಿಸಿ ಜೋಡಿಸುವ ಶಂಟಿಂಗು ಕಾಣುತ್ತಿತ್ತು ಎಂದು ನಾನು ಎಲೆಯ ಮುಂದೆ ಕೂತು ಹೇಳುತ್ತಿದ್ದೆ. ಪಾಯಸ ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದುಕೊಂಡೇ ನಿಂತಳು.

"ನೀನೆಲ್ಲಿದ್ಯೋ ಅಲ್ಲಿ? ಆ ಎರಡು ವರ್ಷ ನೀನು ಅಜ್ಜಿ ಹತ್ರ ಇಲ್ಲೇ ಹೊಸದುರ್ಗದಾಗಿದ್ದೆ. ತಮ್ಮ ಹುಟ್ಟಿದ್ದ, ಅವ್ವನ ಕೈಲಿ ಆಗ್ತಿರಲಿಲ್ಲ ಅಂತ ನಿನ್ನ ಇಲ್ಲಿ ಬಿಟ್ಟಿದ್ರು. ನಾನು ಹೇಳಿದ್ದನ್ನೆಲ್ಲ ಕೇಳ್ಕಂಡು ಈಗ ನಿಂದು ಮಾಡ್ಕಂಡಿದೀಯ."

"ಅಕ್ಕ, ಆ ಶೆಡ್ಡು ಕಣ್ಣಿಗೆ ಕಟ್ಟಿದಂಗೈತೆ ನಂಗೆ."

"ಕಟ್ಟಿರಬೋದಪ್ಪ. ನಂಗೆ ಸ್ವರ್ಗ ಕಣ್ಣಿಗೆ ಕಟ್ಟೈತೆ. ಹೋಗಿ ನೋಡ್ಕಂಡು ಬಂದಿದೀನೇನು?"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹೊಳಲ್ಕೆರೆಯವರೆಗಿನ ಬಸ್ಸಿನಲ್ಲಿ ಆ ನಗು ಒಣಗಿಹೋಯಿತು. ಅಪ್ಪ, ಅವ್ವ, ಅಜ್ಜಿ ಯಾರೂ ಈಗಿಲ್ಲ. ನನ್ನನ್ನು ಆಗಿನ್ನೂ ಶಾಲೆಗೆ ಸೇರಿಸಿರಲಿಲ್ಲವಾದ್ದರಿಂದ ಯಾವ ದಾಖಲೆಯೂ ಇಲ್ಲ. ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿ, ಅವನೇ ಕಕ್ಷಿದಾರ ಆದರೆ ಅವನ ಮಾತನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತು. ಮೇಲಾಗಿ ಈಚೆಗೆ ನನ್ನ ನೆನಪಿನ ಹೆಸರು ಮನೆಯಲ್ಲಿ ಅಷ್ಟು ಚೆನ್ನಾಗಿಲ್ಲ. ಹೆಂಡತಿಯ ತವರು ಹಿರಿಯೂರು. ಅಲ್ಲಿಂದ ಕೊಟ್ಟ ತೆಂಗಿನಕಾಯಿ ಚೀಲವನ್ನು ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದು, ತಂದು ಅಡುಗೆಮನೆಯಲ್ಲಿ ಇಟ್ಟಿದ್ದೇನೆಂದು ಅರ್ಧ ದಿನ ವಾದ ಮಾಡಿದವನು ನಾನು. ಎಲ್ಲಿ ಇಟ್ಟೆ, ಚೀಲದ ಬಾಯಿಗೆ ಯಾವ ಬಣ್ಣದ ದಾರ ಕಟ್ಟಿತ್ತು, ಅದನ್ನೂ ಹೇಳಿದ್ದೆ.

ಆದ್ದರಿಂದ ಯಾರ್ಡು ಕಟ್ಟಲು ನಿರ್ಧರಿಸಿದೆ. ಹವ್ಯಾಸಕ್ಕೆಂದು ಜನ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನನ್ನ ಲೆಕ್ಕಾಚಾರ ಬೇರೆ ಇತ್ತು. ಬಾಗಿಲಿನ ಬಣ್ಣ, ಅಂಗಳದ ಮರ, ಇಂಥವನ್ನು ತಪ್ಪು ನೆನಪಿಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರ್ಡು ಹಾಗಲ್ಲ. ಯಾವ ಲೈನು ಯಾವುದಕ್ಕೆ ಸೇರುತ್ತದೆ, ರೈಲನ್ನು ಲೈನಿನಿಂದ ಲೈನಿಗೆ ತಿರುಗಿಸುವ ಯಾವ ಪಾಯಿಂಟು ಯಾವ ಕಡೆಗೆ ಮುಖ ಮಾಡಿದೆ ಎಂಬುದರಲ್ಲಿ ಒಂದು ತಪ್ಪಿದರೂ ರೈಲು ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ನೆನಪಿನಂತೆ ಹಳಿ ಹಾಕಿ, ನನ್ನ ನೆನಪಿನ ವೇಳೆಗೆ ರೈಲು ಬಿಟ್ಟು, ಒಂದು ಇಡೀ ಬೆಳಗ್ಗೆ ಎಲ್ಲಿಯೂ ಕಟ್ಟಿಕೊಳ್ಳದೆ ನಡೆದರೆ, ನಾನು ಅಲ್ಲಿದ್ದೆ. ನಡೆಯದಿದ್ದರೆ ಅಕ್ಕ ಹೇಳಿದ್ದು ಸರಿ.

ಈಗಿನ ಸ್ಟೇಷನ್ನಿಗೂ ಹೋಗಿ ಬಂದೆ. ಬ್ರಾಡ್‌ಗೇಜು ಬಂದ ಮೇಲೆ ಎಲ್ಲ ಬದಲಾಗಿದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತು ಎಲ್ಲಿತ್ತು ಶೆಡ್ಡು ಎಂದು ಹುಡುಕುತ್ತಿದ್ದರೆ, ಚಹಾ ಮಾರುವವನೊಬ್ಬ, "ಏನ್ ಕಳ್ಕಂಡ್ರಿ ಸಾರ್?" ಎಂದ. ಚಹಾ ಕುಡಿದು ಬಂದೆ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನೆನಪಿದ್ದದ್ದನ್ನೆಲ್ಲ ಬರೆದೆ. ಒಂದು ಸಾಲಿಗೆ ಒಂದು ನೆನಪು. ಆಮೇಲೆ ಕೆಂಪು ಪೆನ್ನು ಹಿಡಿದು ಕೂತು, ಆಗಲು ಸಾಧ್ಯವಿಲ್ಲದ್ದನ್ನು, ಕನಸಿನಂತೆ ಕಾಣುವುದನ್ನು ಹೊಡೆದು ಹಾಕಿದೆ. ಹಾಗೆ ಹೊಡೆದು ಹಾಕಿದವು ಹನ್ನೊಂದು. ಅವುಗಳಲ್ಲಿ ಒಂದು ಹೀಗಿತ್ತು: 'ಪ್ಯಾಸೆಂಜರ್ ನಿಂತಿದೆ, ಜನ ಕಿಟಕಿಯಿಂದ ನೋಡುತ್ತಿದ್ದಾರೆ. ಶೆಡ್ಡಿನ ಕಡೆ ಒಂದು ಡಬ್ಬಿ ತಾನೇ ಹೋಗುತ್ತಿದೆ, ಇಂಜಿನ್ ಇಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ, ಕೈಯಲ್ಲಿ ಏನೋ ಇದೆ.' ಇಂಜಿನ್ನಿಲ್ಲದೆ ಡಬ್ಬಿ ಹೋಗುವುದುಂಟೇ? ನೇರವಾಗಿ ಗೀಟು ಎಳೆದಿದ್ದೆ.

ಹಳಿ ಮತ್ತು ಪಾಯಿಂಟುಗಳನ್ನು ಮಾಡಿಕೊಟ್ಟವರು ಕೋಟೆ ಕೆಳಗಿನ ಹಳೆ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರು. ಅವರ ಮನೆತನ ನವಾಬರ ಕಾಲದಿಂದ ಇದೇ ಊರಿನಲ್ಲಿ ಕೈಕೆಲಸ ಮಾಡಿಕೊಂಡು ಬಂದದ್ದು. ಈಗ ಗಡಿಯಾರ ತರುವವರು ಕಡಿಮೆ. ಹಾಗಾಗಿ ಮಧ್ಯಾಹ್ನ ಅಂಗಡಿ ಮುಚ್ಚಿ ನಮ್ಮ ಮಹಡಿಗೆ ಬಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಕೀಲಿ ಕೊಟ್ಟರೆ ಓಡುವ ಇಂಜಿನ್ನುಗಳನ್ನೂ ಹದಿನಾಲ್ಕು ಡಬ್ಬಿಗಳನ್ನೂ ಹಿತ್ತಾಳೆ ತಗಡಿನಲ್ಲಿ ಅವರೇ ಮಡಚಿ ಬೆಸೆದರು. ಎಲ್ಲ ಮುಗಿದ ದಿನ ನಾನು ಗೋಡೆಗೆ ಒಂದು ಹಲಗೆ ತಗುಲಿಹಾಕಿದೆ: ಡಬ್ಬಿಗೆ ಕೈ ಮುಟ್ಟಿಸಬಾರದು. ಏನೇ ಚಲಿಸಿದರೂ ಇಂಜಿನ್ನಿಂದಲೇ ಚಲಿಸಬೇಕು. ಬೆರಳಲ್ಲಿ ಎತ್ತಿಡುವುದಾದರೆ ಅದು ಪರೀಕ್ಷೆಯಲ್ಲ, ಗೊಂಬೆಯಾಟ.

ಪ್ರತಿ ಡಬ್ಬಿಗೂ ಒಂದು ಚೀಟಿ ಮಾಡಿದೆ, ಹಳೆ ಲಗ್ನಪತ್ರಿಕೆಗಳ ಬೆನ್ನ ಮೇಲೆ. ಎಲ್ಲಿಂದ ಬಂತು, ಏನು ಸರಕು, ಯಾವ ಲೈನಿನಲ್ಲಿ ಬಿಡಬೇಕು, ಯಾವ ರೈಲಿಗೆ ಮತ್ತೆ ಜೋಡಿಸಬೇಕು. ಕಡಲೆಕಾಯಿ ಮೂಟೆಗೆ ಸಾಸಿವೆ ಕಾಳು ಅಂಟಿಸಿದ್ದೆ. ಹೆಂಡತಿ ಮೇಲೆ ಬಂದು ನೋಡಿ, "ಒಗ್ಗರಣೆಗೆ ಸಾಸಿವೆ ಇಲ್ಲ, ಇಲ್ಲಿ ಗೂಡ್ಸ್ ಗಾಡೀಲಿ ಹೋಗ್ತಾ ಐತೆ. ಹೋಗ್ಲಿ, ನಮ್ಮ ಹಿರಿಯೂರಿಗೆ ನಿಮ್ಮ ರೈಲಾದ್ರೂ ಬರ್ತೈತೇನ್ರಿ?" ಎಂದಳು.

"ಹಿರಿಯೂರಿಗೆ ಲೈನೇ ಇಲ್ಲ."

"ನೆನಪು ಮಾಡ್ಕಳ್ರಿ, ಇದ್ದಿರಬೋದು."

ಇನ್ನು ಹತ್ತು ನಲವತ್ತರ ಕಗ್ಗಂಟು. ನನ್ನ ಯಾರ್ಡಿನಲ್ಲಿ ಮೂರು ಲೈನು, ಪಕ್ಕಕ್ಕೆ ಗೂಡ್ಸ್ ಶೆಡ್ಡಿನದು ಒಂದು. ಶೆಡ್ಡಿನ ಲೈನಿಗೆ ಒಂದೇ ಬಾಯಿ, ಅದೂ ಚಿತ್ರದುರ್ಗದ ಕಡೆಗೆ. ಇನ್ನೊಂದು ತುದಿ ಮಣ್ಣಿನ ದಿಬ್ಬಕ್ಕೆ ಮುಗಿಯುತ್ತದೆ. ಚಿತ್ರದುರ್ಗದಿಂದ ಬರುವ ಮಿಕ್ಸೆಡ್ ರೈಲಿಗೆ, ಅಂದರೆ ಜನರ ಬೋಗಿ, ಸರಕಿನ ಡಬ್ಬಿ ಎರಡೂ ಇರುವ ಗಾಡಿಗೆ, ಇಂಜಿನ್ ಮುಂದಿರುತ್ತದೆ, ಸರಕಿನ ಡಬ್ಬಿ ಬಾಲದಲ್ಲಿ. ಅದು ಮೂರನೇ ಲೈನಿಗೆ ಬಂದು ನಿಲ್ಲುತ್ತದೆ. ಬಾಲದ ಡಬ್ಬಿಯನ್ನು ಶೆಡ್ಡಿಗೆ ನೂಕಬೇಕಾದರೆ ಇಂಜಿನ್ ಡಬ್ಬಿಯ ಹಿಂದಿರಬೇಕು. ಹಿಂದೆ ಬರಬೇಕಾದರೆ ಪಕ್ಕದ ಎರಡನೇ ಲೈನಿನಲ್ಲಿ ಸುತ್ತಿಕೊಂಡು ಬರಬೇಕು. ಆದರೆ ಆ ಹೊತ್ತಿಗೆ ಎರಡನೇ ಲೈನಿನಲ್ಲಿ ಉದ್ದನೆಯ ಗೂಡ್ಸ್ ಗಾಡಿ ನಿಂತಿರುತ್ತದೆ. ಒಂದನೇ ಲೈನಿನಲ್ಲಿ ಪ್ಯಾಸೆಂಜರು. ಪ್ಯಾಸೆಂಜರು ಹೋಗದೆ ಗೂಡ್ಸು ಕದಲುವಂತಿಲ್ಲ. ಮಿಕ್ಸೆಡ್ಡಿನಿಂದ ಇಳಿದ ಜನ ಹತ್ತಿ, ಅದರ ಡಬ್ಬಿ ವಿಲೇವಾರಿಯಾಗದೆ ಪ್ಯಾಸೆಂಜರು ಬಿಡುತ್ತಿರಲಿಲ್ಲ ಎಂಬುದು ನನ್ನ ನೆನಪು.

ಆರು ತಿಂಗಳು ಇದನ್ನು ಬಿಡಿಸಲು ಹೆಣಗಿದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವೇಳೆ, ಉದ್ದಕ್ಕೆ ಸ್ಟೇಷನ್ನು ಬರೆದು ಗೀಟು ಎಳೆದೆ. ಗೂಡ್ಸನ್ನು ಹೊಳಲ್ಕೆರೆಯಲ್ಲೇ ತಡೆದು ನೋಡಿದೆ. ಹೊಳಲ್ಕೆರೆಯಲ್ಲಿ ಎದುರಿನಿಂದ ಬರುವುದಕ್ಕೆ ದಾರಿ ಬಿಡಲಾಗದೆ ಕಗ್ಗಂಟು ಅಲ್ಲಿಗೆ ಹೋಯಿತು ಅಷ್ಟೇ. ಮಿಕ್ಸೆಡ್ಡನ್ನು ಇಪ್ಪತ್ತು ನಿಮಿಷ ತಡ ಮಾಡಿದರೆ ಮಧ್ಯಾಹ್ನದ ರೈಲುಗಳೆಲ್ಲ ಒಂದರ ಮೇಲೊಂದು ಬಿದ್ದವು. ಡಬ್ಬಿಗಳನ್ನು ಇಂಜಿನ್ನಿನ ಹತ್ತಿರಕ್ಕೆ ಜೋಡಿಸಿದರೆ ಶೆಡ್ಡಿನ ಬಾಯಿ ಇನ್ನೂ ದೂರವಾಯಿತು. ಶೆಡ್ಡಿಗೆ ಇನ್ನೊಂದು ಬಾಯಿ ಇಟ್ಟರೆ ಎರಡು ನಿಮಿಷದಲ್ಲಿ ಎಲ್ಲ ಸಲೀಸು. ಆದರೆ ಅಲ್ಲಿ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಕೂತು ನಾನು ಜಾರಿದ್ದೇನೆ. ಅಥವಾ ಅಕ್ಕ ಜಾರಿದ್ದಾಳೆ.

ಪ್ರತಿ ಸಲ ಕಟ್ಟಿಕೊಂಡಾಗಲೂ ಸಾಹೇಬರು ತೋರುಬೆರಳು ಎತ್ತಿ ಹಿಡಿಯುತ್ತಿದ್ದರು.

"ಸಾರ್, ಈ ಬೆರಳಿಂದ ಒಂದು ಧಕ್ಕಾ ಕೊಡ್ತೀನಿ. ಡಬ್ಬಿ ಒಳಗೆ, ನಾವು ಚಹಾಕ್ಕೆ ಹೋಗಾಣ."

"ಹಲಗೆ ಓದ್ರಿ ಸಾಹೇಬ್ರೆ."

"ನಾನು ಮಾಡಿದ ಡಬ್ಬಿಗೆ ನಾನೇ ಕೈ ಮುಟ್ಟಂಗಿಲ್ಲ. ಏನ್ ಕಾನೂನೋ ನಿಮ್ದು."

ಒಂದು ದಿನ ಸಿಟ್ಟು ಬಂದು ಎರಡನೇ ಲೈನಿನ ಪಾಯಿಂಟನ್ನು ಕಿತ್ತೇಬಿಟ್ಟೆ. ಸಾಹೇಬರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಸಿಟ್ಟು ನಿಮ್ಮ ಅಕ್ಕನ ಮೇಲೆ, ಏಟು ನನ್ನ ಪಾಯಿಂಟಿಗೆ," ಎಂದು ಮತ್ತೆ ಬೆಸೆದರು. ಬೆಸೆಯುತ್ತಲೇ ಅವರಿಗೆ ಒಂದು ನೆನಪಾಯಿತು. ಚಿಕ್ಕಜಾಜೂರಿನ ಒಬ್ಬ ಪಾಯಿಂಟ್ಸ್‌ಮನ್ ತಮ್ಮ ಕೈಗಡಿಯಾರವನ್ನು ಇವರ ತಂದೆಯ ಕಾಲದಿಂದ ಇವರ ಅಂಗಡಿಗೇ ತರುತ್ತಿದ್ದರಂತೆ. ಎಂಬತ್ತು ದಾಟಿದೆ, ಇನ್ನೂ ಗಟ್ಟಿಯಾಗಿದ್ದಾರೆ.

ಅವರನ್ನು ಕರೆತರುವ ಮೊದಲು ನಾನು ಒಂದು ಷರತ್ತು ಹಾಕಿದೆ. ಯಾರೂ ಅವರಿಗೆ ಮೊದಲೇ ಏನೂ ಹೇಳಕೂಡದು. ಸಾಕ್ಷಿಯ ಬಾಯಿಗೆ ಮಾತು ತುರುಕಿದರೆ ಸಾಕ್ಷ್ಯ ಕೆಟ್ಟಿತು. ಯಾರ್ಡು ತೋರಿಸುವುದು, ರೈಲು ಬಿಡುವುದು, ಅವರು ಹೇಳುವುದನ್ನು ಕೇಳುವುದು, ಅಷ್ಟೇ.

ಪಾಯಿಂಟ್ಸ್‌ಮನ್ ಅಜ್ಜ ಒಂದು ಭಾನುವಾರ ಬೆಳಗ್ಗೆ ಬಂದರು. ಮೆಟ್ಟಿಲನ್ನು ಒಂದೊಂದೇ ಹತ್ತಿ, ಕುರ್ಚಿ ಬೇಡವೆಂದು ಮೇಜಿನ ಅಂಚು ಹಿಡಿದು ನಿಂತರು. "ಕುಂತ್ಕಳ್ರಿ ಅಜ್ಜಾರೆ," ಎಂದು ಹೆಂಡತಿ ಎರಡು ಸಲ ಹೇಳಿದಳು. "ಯಾರ್ಡಿನಾಗೆ ಕುಂತ್ರೆ ಕಾಲು ಹೋಗ್ತವಮ್ಮ," ಎಂದರು. ಕತ್ತು ಬಗ್ಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ನೀರಿನ ಕಂಬ ಇಲ್ಲಿರಲಿಲ್ಲ. ಆ ಕಡೆಗೆ."

ಒಂದು ತಪ್ಪು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

"ಈ ಬೇವಿನಮರ ನಾನು ನೋಡಿಲ್ಲಪ್ಪ."

ಎರಡು.

"ಲೈನು ಮಾತ್ರ ಸರಿ ಅವೆ. ಶೆಡ್ಡಿಗೆ ಒಂದೇ ಬಾಯಿ. ಸರಿ ಐತೆ. ಯಾರು ಹೇಳಿದ್ರು ನಿಮಗೆ?"

ಯಾರು ಹೇಳಿದರು ಎಂಬುದೇ ನನ್ನ ಪ್ರಶ್ನೆಯೂ ಆಗಿತ್ತು. ನಾನು ರೈಲು ಬಿಟ್ಟೆ. ಇಪ್ಪತ್ತಮೂರು ನಿಮಿಷ ಅಜ್ಜನ ಕಣ್ಣು ರೈಲುಗಳ ಹಿಂದೆಯೇ ಓಡಾಡಿತು. ಹತ್ತು ನಲವತ್ತಕ್ಕೆ ಮೂರೂ ರೈಲು ನಿಂತವು. ನಾನು ಕೈ ಕಟ್ಟಿ ನಿಂತೆ.

"ಯಾಕೆ ನಿಲ್ಸಿದ್ರಿ?"

"ಮುಂದೆ ಹೋಗಲ್ಲ ಅಜ್ಜಾರೆ. ಇಂಜಿನ್ ಹಿಂದಕ್ಕೆ ಬರೋಕೆ ದಾರಿ ಇಲ್ಲ."

"ಇಂಜಿನ್ ಯಾಕೆ ಬರಬೇಕು?"

"ಡಬ್ಬಿ ತಳ್ಳೋಕೆ."

ಅಜ್ಜ ನನ್ನ ಮುಖ ನೋಡಿದರು. ಆಮೇಲೆ ಸಾಹೇಬರ ಮುಖ ನೋಡಿದರು. "ಇವ್ರು ಎಷ್ಟು ಓದಿದಾರೆ?" ಎಂದು ಕೇಳಿದರು.

"ಬಾಳ ಓದಿದಾರೆ," ಎಂದರು ಸಾಹೇಬರು.

"ಅದಕ್ಕೇ. ಲೇ ಅಪ್ಪಾ, ಒಂದೆರಡು ಡಬ್ಬಿಗೆ ಇಂಜಿನ್ ಕಾಯ್ತಾ ಕುಂತಿದ್ರೆ ಶೆಡ್ಡಿನಾಗೆ ಕಡ್ಲೆಕಾಯಿ ಮೊಳಕೆ ಬರ್ತಿತ್ತು. ಹಮಾಲರು ಹತ್ತು ಜನ ಭುಜ ಕೊಡೋರು. ಒಬ್ಬ ಹಾರೆಕೋಲು ಹಾಕಿ ಗಾಲಿ ಮೀಟೋನು. ಉರುಳಿದ್ರೆ ಉರುಳ್ತು. ಹಿಂದಕ್ಕೆ ತಂದು, ಪಾಯಿಂಟು ತಿರುವಿ, ಶೆಡ್ಡಿನ ಒಳಗೆ. ಪ್ಯಾಸೆಂಜರಿನೋರು ಕಿಟಕೀಲಿ ನೋಡ್ತಾ ಕುಂತಿರೋರು, ಬೇರೆ ಏನೈತೆ ನೋಡೋಕೆ? ಶೆಡ್ಡು ಗುಡಿಸೋ ಹೆಣ್ಮಗಳು ಮರದ ಬೆಣೆ ಹಿಡ್ಕಂಡು ಪಕ್ಕದಾಗೆ ನಡೆಯೋಳು. ನಿಲ್ಲು ಅಂದ್ರೆ ಗಾಲಿಗೆ ಕೊಡೋಳು. ಇಲ್ದಿದ್ರೆ ಡಬ್ಬಿ ದಿಬ್ಬಕ್ಕೆ ಹೋಗಿ ಗುದ್ದೋದು."

ಸಾಹೇಬರು ನಿಧಾನವಾಗಿ ತೋರುಬೆರಳು ಎತ್ತಿದರು. ಈ ಸಲ ನಾನು ಹಲಗೆಯ ಕಡೆ ಕೈ ತೋರಿಸಲಿಲ್ಲ. ಅವರು ಬಾಲದ ಎರಡು ಡಬ್ಬಿಗಳನ್ನು ಬಿಡಿಸಿ, ಹಿಂದಕ್ಕೆ ಎಳೆದು, ಪಾಯಿಂಟು ತಿರುಗಿಸಿ, ಶೆಡ್ಡಿಗೆ ನೂಕಿದರು. ಧಕ್ಕಾ ಜಾಸ್ತಿಯಾಯಿತು. ಡಬ್ಬಿ ದಿಬ್ಬಕ್ಕೆ ಗುದ್ದಿ ಹಳಿ ತಪ್ಪಿ ಮಗುಚಿತು, ಸಾಸಿವೆ ಚೆಲ್ಲಿತು.

"ಬೆಣೆ ಎಲ್ಲಿ?" ಎಂದರು ಅಜ್ಜ, ಬಯ್ಯುವ ದನಿಯಲ್ಲಿ.

ಎಲ್ಲರೂ ನಗುತ್ತಿದ್ದರು. ಪ್ಯಾಸೆಂಜರು ಹೊರಟಿತು, ಗೂಡ್ಸು ಹೊರಟಿತು, ಮಿಕ್ಸೆಡ್ಡಿನ ಇಂಜಿನ್ ಖಾಲಿಯಾದ ಎರಡನೇ ಲೈನಿನಲ್ಲಿ ಸುತ್ತಿ ಬಂದು ಚಿತ್ರದುರ್ಗದ ಕಡೆ ಮುಖ ಮಾಡಿ ನಿಂತಿತು. ಮಧ್ಯಾಹ್ನದವರೆಗೆ ಎಲ್ಲ ರೈಲು ವೇಳೆಗೆ ಸರಿಯಾಗಿ ನಡೆದವು. ಇದಕ್ಕಾಗಿ ಆರು ತಿಂಗಳು ಕಾದವನು ನಾನು. ಆದರೆ ಒಂದು ಗಂಟೆಯೊಳಗೆ, ಅಜ್ಜನನ್ನು ಸಾಹೇಬರು ಬಸ್ಸಿಗೆ ಹತ್ತಿಸಲು ಕರೆದುಕೊಂಡು ಹೋದ ಮೇಲೆ, ಬರಿದಾದ ಕೋಣೆಯಲ್ಲಿ ನನ್ನ ಸಂಖ್ಯಾಶಾಸ್ತ್ರ ಕೆಲಸ ಶುರು ಮಾಡಿತು. ಕೈಯಿಂದ ನೂಕಬಹುದು ಎಂದಾದರೆ ಯಾವ ಯಾರ್ಡೂ ಕಟ್ಟಿಕೊಳ್ಳುವುದಿಲ್ಲ. ತಪ್ಪು ಯಾರ್ಡು, ಸುಳ್ಳು ಯಾರ್ಡು, ಕೇಳಿ ಕಲ್ಪಿಸಿಕೊಂಡ ಯಾರ್ಡು, ಎಲ್ಲವೂ ಸಲೀಸಾಗಿ ನಡೆಯುತ್ತವೆ. ಯಾವ ಗಳಿಗೆಯಲ್ಲಿ ನನ್ನ ಯಾರ್ಡು ಓಡಿತೋ ಅದೇ ಗಳಿಗೆಯಲ್ಲಿ ಅದು ಏನನ್ನೂ ಸಾಬೀತು ಮಾಡದ ವಸ್ತುವಾಯಿತು.

ಉಳಿದದ್ದು ನೋಟ್‌ಬುಕ್ಕು. ಕೆಂಪು ಗೀಟಿನ ಕೆಳಗೆ ಆ ಸಾಲು ಓದಲು ಬರುತ್ತಿತ್ತು. ಅಜ್ಜ ಬರುವ ಎಷ್ಟೋ ತಿಂಗಳ ಮೊದಲು, ನನ್ನದೇ ಕೈಯಲ್ಲಿ ಬರೆದದ್ದು. ಕಿಟಕಿಯಲ್ಲಿ ಜನ, ಇಂಜಿನ್ನಿಲ್ಲದ ಡಬ್ಬಿ, ಪಕ್ಕದಲ್ಲಿ ಹೆಂಗಸು. ನೆನಪು ಸರಿಯಾಗಿಯೇ ಇತ್ತು. ಅದನ್ನು ಹೊಡೆದು ಹಾಕಿದ್ದು ನನ್ನ ಓದು. ಹಾಗೆಂದುಕೊಂಡು ಖುಷಿಯಲ್ಲಿ ಹೊಸದುರ್ಗಕ್ಕೆ ಫೋನ್ ಮಾಡಿದೆ.

"ಅಕ್ಕ, ಚಿಕ್ಕಜಾಜೂರಲ್ಲಿ ಕೈಲಿ ಡಬ್ಬಿ ತಳ್ಳೋರು, ಅಲ್ವಾ?"

"ಹೌದು ಕಣೋ. ನಾನೇ ಹೇಳಿದ್ದೆ ನಿಂಗೆ, ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ಬಂದಾಗ. ಹಾಸಿಗೆ ಮೇಲೆ ದಿಂಬೆಲ್ಲ ತಳ್ಳಿ ತೋರಿಸಿದ್ದೆ. ಅಜ್ಜಿ ಬೈದಿದ್ಲು."

ದಿಂಬುಗಳು ನನಗೂ ನೆನಪಾದವು, ಅಥವಾ ಅವಳು ಹೇಳಿದ ಕ್ಷಣ ಹುಟ್ಟಿಕೊಂಡವು.

"ಪಕ್ಕದಲ್ಲಿ ಒಬ್ಬಳು ಹೆಂಗಸು ನಡೀತಿದ್ಲಲ್ಲ, ಅವಳ ಕೈಯಾಗೆ ಏನಿತ್ತು?"

"ಬುಟ್ಟಿ," ಎಂದಳು ಅಕ್ಕ, ತಡವಿಲ್ಲದೆ. "ಚೆಲ್ಲಿದ ಕಾಳು ಆರಿಸ್ಕಳೋಕೆ. ಅದನ್ನೂ ಹೇಳಿದ್ದೆ ನಿಂಗೆ. ಯಾಕೆ, ಮತ್ತೆ ರೈಲು ಕೆಟ್ಟೋಯ್ತಾ?"

ಇಲ್ಲ ಎಂದು ಫೋನ್ ಇಟ್ಟೆ. ಅಕ್ಕ ಹೇಳಿದ್ದನ್ನೇ ನಾನು ನೆನಪಿಟ್ಟುಕೊಂಡಿದ್ದರೆ ನನ್ನ ಸಾಲಿನಲ್ಲಿ ಬುಟ್ಟಿ ಇರಬೇಕಿತ್ತು. ನನ್ನ ಸಾಲಿನಲ್ಲಿ 'ಏನೋ ಇದೆ' ಎಂದಿದೆ. ಮನೆ ಕಿಟಕಿಯಿಂದ, ಅಷ್ಟು ದೂರದಿಂದ, ನಾಲ್ಕು ವರ್ಷದವನಿಗೆ ಅಷ್ಟೇ ಕಂಡೀತು. ಬೆಣೆ ಎಂದರೇನೆಂದು ಅವನಿಗೆ ಎಲ್ಲಿ ಗೊತ್ತು? ಈ ವಾದ ನನಗೆ ಬಹಳ ಇಷ್ಟವಾಯಿತು. ಇಷ್ಟವಾಯಿತು ಎಂಬ ಕಾರಣಕ್ಕೇ ಅದನ್ನು ನಂಬಲು ಹಿಂಜರಿದೆ. ಬುಟ್ಟಿ ಎಂದು ಕೇಳಿ ಐವತ್ತು ಚಿಲ್ಲರೆ ವರ್ಷದಲ್ಲಿ ಮರೆತಿದ್ದರೂ 'ಏನೋ' ಎಂದೇ ಉಳಿಯುತ್ತದೆ. ತೆಂಗಿನಕಾಯಿ ಚೀಲದ ದಾರದ ಬಣ್ಣ ಹೇಳಿದವನು ನಾನು.

ಮರುದಿನ ಕೂತು ವೇಳಾಪಟ್ಟಿಯನ್ನು ಮೊದಲಿನಿಂದ ಬರೆಯಬೇಕಾಯಿತು. ಮಿಕ್ಸೆಡ್ಡಿನ ಚೀಟಿಗಳ ಮೇಲೆ 'ಇಂಜಿನ್ನಿಂದ' ಎಂದಿದ್ದ ಕಡೆಯಲ್ಲೆಲ್ಲ 'ಕೈಯಿಂದ' ಎಂದು ತಿದ್ದಿದೆ. ನೀರಿನ ಕಂಬವನ್ನು ಆ ಕಡೆಗೆ ನೆಟ್ಟೆ. ಬೇವಿನಮರವನ್ನು ಕೀಳಲು ಹೋಗಿ, ಕೀಳದೆ ಬಿಟ್ಟೆ. ಕೆಂಪು ಗೀಟಿನ ಸಾಲುಗಳು ಇನ್ನೂ ಹತ್ತು ಇವೆ. ಯಾವುದನ್ನು ವಾಪಸು ತೆಗೆದುಕೊಳ್ಳಬೇಕು, ಯಾವುದನ್ನು ಹಾಗೇ ಬಿಡಬೇಕು, ತಿಳಿಯುತ್ತಿಲ್ಲ. ಒಂದು ಸಾಲಿನಲ್ಲಿ ಸ್ಟೇಷನ್ನಿನ ಗಂಟೆಗೆ ಯಾರೋ ಬಟ್ಟೆ ಸುತ್ತಿದ್ದಾರೆ. ಇನ್ನೊಂದರಲ್ಲಿ ಅಪ್ಪ ನನ್ನನ್ನು ಎತ್ತಿ ಖಾಲಿ ಡಬ್ಬಿಯೊಳಗೆ ನಿಲ್ಲಿಸಿದ್ದಾರೆ, ಒಳಗೆ ಕತ್ತಲು, ಕಡಲೆಕಾಯಿ ಸಿಪ್ಪೆಯ ವಾಸನೆ. ಅದನ್ನು ಕೇಳಲು ಯಾವ ಪಾಯಿಂಟ್ಸ್‌ಮನ್ನೂ ಇಲ್ಲ.

ಮಧ್ಯಾಹ್ನ ಸಾಹೇಬರು ಬಂದು ಮಗುಚಿದ್ದ ಡಬ್ಬಿಯನ್ನು ನೆಟ್ಟಗೆ ಮಾಡಿದರು. ಗೋಡೆಯ ಹಲಗೆ ನೋಡಿ, "ಇದನ್ನ ತೆಗೀಲಾ ಸಾರ್?" ಎಂದರು.

"ಇರಲಿ ಬಿಡ್ರಿ."

"ಮತ್ತೆ ಬೆರಳು?"

ನಾನು ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು, ಬ್ಲೇಡಿನಲ್ಲಿ ತುದಿ ಓರೆಯಾಗಿ ಕೊಯ್ದು, ಅಕ್ಕಿಕಾಳಿನಷ್ಟು ಬೆಣೆ ಮಾಡಿದೆ. ಮೂರು ಸಲ ತುಂಡಾಯಿತು, ನಾಲ್ಕನೆಯದು ಉಳಿಯಿತು. ಹತ್ತು ನಲವತ್ತಕ್ಕೆ ಸಾಹೇಬರು ಡಬ್ಬಿ ನೂಕಿದರು. ನಾನು ಚಿಮಟದಲ್ಲಿ ಬೆಣೆ ಹಿಡಿದು ಪಕ್ಕದಲ್ಲಿ ನಡೆದೆ. ಗಾಲಿಗೆ ಬೆಣೆ ಕೊಡುವಷ್ಟರಲ್ಲಿ ಡಬ್ಬಿ ಮುಂದೆ ಹೋಗಿ ದಿಬ್ಬಕ್ಕೆ ಗುದ್ದಿತು.

"ತಡ ಆಯ್ತು," ಎಂದರು ಸಾಹೇಬರು. "ಇನ್ನೊಂದು ಸಲ."